ಕೋಸ್ಟಾ ಬ್ರಾವಾ: ಪಟ್ಟಿಯಲ್ಲಿ 11 ಬೀಚ್, ಕೈಯಲ್ಲಿ 5 ದಿನ. ಯಾವುದನ್ನು ಬಿಡಲಿ?

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ಸ್ಪೇನ್‌ಗೆ ಹೊರಟಿದ್ದೇವೆ. ಬಾರ್ಸಿಲೋನಾದಲ್ಲಿ ಮೂರು ದಿನ, ಆಮೇಲೆ ಐದು ದಿನ ಅದರ ಉತ್ತರಕ್ಕಿರುವ ಕಡಲತೀರ ಕೋಸ್ಟಾ ಬ್ರಾವಾ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಅತ್ತೆ. ಅತ್ತೆಗೆ 68, ಮಂಡಿ ನೋವು, ಮೆಟ್ಟಿಲು ಅಂದರೆ ಹೆದರುತ್ತಾರೆ. ಆದರೆ ಈ ಪ್ರವಾಸದ ಆಸೆ ಹುಟ್ಟಿದ್ದು ಅವರಿಂದಲೇ. ಯಾವುದೋ ಹಳೇ ಕ್ಯಾಲೆಂಡರ್‌ನಲ್ಲಿ ಒಂದು ಚಿತ್ರ ಇತ್ತು. ಬಂಡೆ, ಬಂಡೆ ಮೇಲೆ ವಾಲಿದ ಪೈನ್ ಮರ, ಕೆಳಗೆ ಗಾಜಿನಂಥ ನೀರು. ಅಡಿಯಲ್ಲಿ "ಕೋಸ್ಟಾ ಬ್ರಾವಾ" ಅಂತ ಮಾತ್ರ ಬರೆದಿದೆ. ಆ ಹಾಳೆಯನ್ನು ಎಷ್ಟೋ ವರ್ಷದಿಂದ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ನನ್ನ ಪಟ್ಟಿ: ತೋಸ್ಸಾ ದೆ ಮಾರ್, ಕಾಲಾ ಪೋಲಾ, ಸಗರೋ, ಕಸ್ತೆಲ್, ಕಲೆಲ್ಯಾ, ಲ್ಯಾಫ್ರಾಂಕ್, ತಮರಿಯು, ಐಗ್ವಾಬ್ಲಾವಾ, ಪ್ಲಾಟ್ಜಾ ಫೋಂಡಾ, ಸಾ ತೂನಾ, ಕದಾಕೆಸ್. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಮಗಳು ಈಜು ಕಲಿತು ಆರು ತಿಂಗಳಾಗಿದೆ ಅಷ್ಟೆ.

ಹಳೇಬ್ಯಾಗು
ಮೊದಲು ಪ್ಲಾಟ್ಜಾ ಫೋಂಡಾ ಹೊಡೆದು ಹಾಕಿ. ಉದ್ದಕ್ಕೆ ಮೆಟ್ಟಿಲು. ಇಳಿಯುವುದು ಹೇಗೋ ಆಗುತ್ತದೆ, ಹತ್ತುವಾಗ ನಿಮ್ಮ ಅತ್ತೆಯವರಿಗೆ ತುಂಬಾ ಕಷ್ಟ. ಕಾಲಾ ಪೋಲಾ ಕೂಡ ಹಾಗೇ, ರಸ್ತೆಯಿಂದ ಇಳಿದು ಹೋಗಬೇಕು.

ಉಪ್ಪುನೀರು
11 ಅಲ್ಲ, 4 ಸಾಕು. ಎರಡು ವರ್ಷ ಜಿರೋನಾದಲ್ಲಿದ್ದೆ, ಶನಿವಾರ ಬಂದರೆ ಸಾಕು, ಈ ತೀರಕ್ಕೇ ಓಡುತ್ತಿದ್ದೆ. ಮೊದಲಿಗೆ ನಾನೂ ಪಟ್ಟಿ ಹಿಡಿದುಕೊಂಡೇ ತಿರುಗಿದವನು.

ಬ್ಲಾನೆಸ್‌ನಿಂದ ಫ್ರಾನ್ಸ್ ಗಡಿಯ ಪೋರ್ಟ್‌ಬೌವರೆಗೆ 200 ಕಿ.ಮೀ.ಗಿಂತ ಜಾಸ್ತಿ ತೀರ. ಮ್ಯಾಪ್‌ನಲ್ಲಿ ಎರಡು ಕೊಲ್ಲಿಗಳ ನಡುವೆ ಬೆರಳಿನಷ್ಟು ಅಂತರ ಕಾಣುತ್ತದೆ. ಆದರೆ ನಡುವೆ ಗುಡ್ಡ ಅಡ್ಡ ಬರುತ್ತದೆ. ರಸ್ತೆ ಒಳನಾಡಿಗೆ ಹೋಗಿ, ಊರು ಸುತ್ತಿ, ಮತ್ತೆ ಕಡಲಿಗೆ ಇಳಿಯುತ್ತದೆ. ದಿನಕ್ಕೆ ಎರಡು ಬೀಚ್ ಅಂತ ಹೊರಟರೆ ಅರ್ಧ ದಿನ ಕಾರಿನಲ್ಲೇ ಹೋಯಿತು ಅಂದುಕೊಳ್ಳಿ. ಒಂದೇ ಊರಿನಲ್ಲಿ ಉಳಿಯಿರಿ. ಪಲಫ್ರುಜೆಲ್ ಸುತ್ತಮುತ್ತ ಆದರೆ ಒಳ್ಳೆಯದು.

ಇನ್ನೊಂದು ಮಾತು. ಯಾವ ಬೀಚ್ ಅನ್ನುವುದನ್ನು ಈಗ ತೀರ್ಮಾನಿಸಬೇಡಿ. ಬೆಳಗ್ಗೆ ಎದ್ದು ಗಾಳಿ ನೋಡಿ ತೀರ್ಮಾನಿಸಿ.

ದೀಪದಗುಡ್ಡ
ಗಾಳಿ ನೋಡಿ ಅಂದರೆ? ಸ್ವಲ್ಪ ಬಿಡಿಸಿ ಹೇಳಿ ಸರ್. ಮುಂದಿನ ವರ್ಷ ನಾವೂ ಹೋಗುವವರಿದ್ದೇವೆ.

ಉಪ್ಪುನೀರು
ಹೇಳುತ್ತೇನೆ. ಅಲ್ಲಿ ಮೂರು ಗಾಳಿಯ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ.

ತ್ರಮುಂತಾನಾ, ಉತ್ತರದ ಗಾಳಿ. ಒಣಗಾಳಿ, ಜೋರು. ಕದಾಕೆಸ್, ರೋಸೆಸ್ ಕಡೆ ಬೀಸಿದರೆ ಟವೆಲ್ ಹಾಸುವುದಕ್ಕೂ ಆಗುವುದಿಲ್ಲ. ಆಕಾಶ ಮಾತ್ರ ಶುಭ್ರ ನೀಲಿ, ಹಾಗಾಗಿ ಹೋಟೆಲ್ ಕಿಟಕಿಯಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಲ್ಯೆವಾಂತ್, ಪೂರ್ವದ ಗಾಳಿ. ಇದು ದೊಡ್ಡ ಅಲೆ ತರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕೊಲ್ಲಿಗಳಿಗೆ, ಅಂದರೆ ಸಾ ತೂನಾ, ತಮರಿಯು ಇಂಥವಕ್ಕೆ, ನೇರ ಬಂದು ಹೊಡೆಯುತ್ತದೆ. ಮೂರನೆಯದು ಗರ್ಬಿ, ನೈಋತ್ಯದಿಂದ ಬರುವುದು. ಬೇಸಿಗೆಯಲ್ಲಿ ಮಧ್ಯಾಹ್ನ ಏಳುತ್ತದೆ. ಬೆಳಗ್ಗೆ ಕನ್ನಡಿ ಹಾಗಿದ್ದ ನೀರು ಮಧ್ಯಾಹ್ನ ಮೂರರ ಹೊತ್ತಿಗೆ ಕುಲುಕಾಡುವುದು ಇದರಿಂದಲೇ.

ಈ ತೀರ ಸಿಕ್ಕಾಪಟ್ಟೆ ತಿರುವು ಮುರುವು. ಒಂದು ಕೊಲ್ಲಿಯಲ್ಲಿ ಅಲೆ ಬಡಿಯುತ್ತಿದ್ದರೆ ಗುಡ್ಡದ ಆಚೆ ಬದಿಯಲ್ಲಿ ನೀರು ಅಲುಗಾಡುವುದೇ ಇಲ್ಲ. ಯಾವ ಕೊಲ್ಲಿ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಪಟ್ಟಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಕಲ್ಲೇಡಿ
ಇದನ್ನು ಹತ್ತು ಸಲ ಒಪ್ಪುತ್ತೇನೆ. ಅದರ ಜೊತೆ ಬಿಸಿಲೂ ನೋಡಿ. ಹಿಂದೆ ಎತ್ತರದ ಗುಡ್ಡ ಇದ್ದು ಪೂರ್ವಕ್ಕೆ ಮುಖ ಮಾಡಿದ ಕೊಲ್ಲಿಗಳಲ್ಲಿ ಮಧ್ಯಾಹ್ನದ ಮೇಲೆ ಬೇಗ ನೆರಳು ಬೀಳುತ್ತದೆ. ಆಮೇಲೆ ನೀರಿನ ಬಣ್ಣವೂ ಕಪ್ಪಾಗುತ್ತದೆ, ಮಕ್ಕಳಿಗೆ ಚಳಿಯೂ ಆಗುತ್ತದೆ. ಸಾ ತೂನಾಗೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ.

ತಿರುಗಾಟ_ಜಾಸ್ತಿ
ಎಲ್ಲರೂ ಪಲಫ್ರುಜೆಲ್, ಪಲಫ್ರುಜೆಲ್ ಅನ್ನುತ್ತೀರಿ. "ಬ್ರಾವಾ" ಅಂದರೆ ಕಾಡು, ಒರಟು. ಆ ಒರಟುತನ ನೋಡಬೇಕಾದರೆ ಕದಾಕೆಸ್ ಪಕ್ಕದ ಕಾಪ್ ದೆ ಕ್ರೆಯುಸ್‌ಗೇ ಹೋಗಬೇಕು. ಐಬೀರಿಯಾ ಪರ್ಯಾಯ ದ್ವೀಪದ ಪೂರ್ವದ ತುದಿ ಅದು. ಮರ ಇಲ್ಲ. ಗಾಳಿ ಕೊರೆದ ಬಂಡೆಗಳು ಒಂದೊಂದು ಪ್ರಾಣಿಯ ಹಾಗೆ ಕೂತಿರುತ್ತವೆ. ಚಿತ್ರಕಾರ ಡಾಲಿ ಅಲ್ಲೇ ಪಕ್ಕದ ಪೋರ್ಟ್‌ಲಿಗಾತ್‌ನಲ್ಲಿ ಮನೆ ಮಾಡಿಕೊಂಡಿದ್ದು ಸುಮ್ನೆ ಅಲ್ಲ. ಕದಾಕೆಸ್ ಬಿಟ್ಟು ಕೋಸ್ಟಾ ಬ್ರಾವಾ ನೋಡಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಳೇಬ್ಯಾಗು
ನೋಡುವುದಕ್ಕೆ ಸರಿ ಸ್ವಾಮಿ. ಈಜುವುದಕ್ಕೆ? ಕದಾಕೆಸ್ ಬೀಚ್‌ನಲ್ಲಿ ಮರಳೆಲ್ಲಿದೆ? ಚಪ್ಪಟೆ ಕಲ್ಲು, ಸ್ಲೇಟ್ ಚೂರು. ಒಂಬತ್ತು ವರ್ಷದ ಮಗು, ಮಂಡಿ ನೋವಿನ ಅಜ್ಜಿ. ಅವರಿಗೆ ಬೇಕಾಗಿರುವುದು ಇದಲ್ಲ.

ತಿರುಗಾಟ_ಜಾಸ್ತಿ
ಬೀಚ್ ಅಂದರೆ ಮರಳೇ ಇರಬೇಕು ಅಂತ ಯಾರು ಹೇಳಿದರು? ಕಲ್ಲಿನ ತೀರದಲ್ಲಿ ನೀರು ಕದಡುವುದಿಲ್ಲ. ತಳದ ಒಂದೊಂದು ಕಲ್ಲನ್ನೂ ಎಣಿಸಬಹುದು. ಅತ್ತೆಯವರ ಕ್ಯಾಲೆಂಡರ್‌ನಲ್ಲಿರುವ ಗಾಜಿನಂಥ ನೀರು ಮರಳಿನ ಬೀಚ್‌ನಲ್ಲಿ ಸಿಗುವುದು ಕಷ್ಟ.

ಕಾಪ್ ದೆ ಕ್ರೆಯುಸ್ ಬಗ್ಗೆ ಇನ್ನೊಂದು ವಿಷಯ ಹೇಳುತ್ತೇನೆ. ಅಲ್ಲಿ ತುದೇಲಾ ಅನ್ನುವ ಜಾಗದಲ್ಲಿ 1960ರ ದಶಕದಲ್ಲಿ ಒಂದು ದೊಡ್ಡ ರಜಾ ಗ್ರಾಮ ಕಟ್ಟಿದ್ದರು, ನೂರಾರು ಕೋಣೆ. 1998ರಲ್ಲಿ ಇಡೀ ಪ್ರದೇಶ ನೈಸರ್ಗಿಕ ಉದ್ಯಾನ ಆಯಿತು. ಆಮೇಲೆ ಆ ಕಟ್ಟಡಗಳನ್ನೆಲ್ಲ ಕೆಡವಿ, ಅವಶೇಷ ಹೊತ್ತು ಹಾಕಿ, ಬಂಡೆಗಳನ್ನು ಮತ್ತೆ ಬಂಡೆಗಳಾಗಿ ಬಿಟ್ಟರು. ಈಗ ಆ ದಾರಿಯಲ್ಲಿ ನಡೆದರೆ ಅಲ್ಲಿ ಊರಿನಷ್ಟು ಕಟ್ಟಡ ಇತ್ತು ಅಂತ ಹೇಳಿದರೂ ನಂಬುವುದಿಲ್ಲ. ಕಟ್ಟಿದ್ದನ್ನು ಕೆಡವಿ ಕಡಲಿಗೆ ವಾಪಸ್ ಕೊಟ್ಟ ಜಾಗ ನಾನು ಬೇರೆಲ್ಲೂ ನೋಡಿಲ್ಲ.

ಕಲ್ಲೇಡಿ
ಚೆನ್ನಾಗಿ ಹೇಳಿದಿರಿ. ಕಟ್ಟುವ ಮೊದಲೇ ತಡೆದ ಜಾಗವೂ ಒಂದಿದೆ, ಅದು ಇವರ ಪಟ್ಟಿಯಲ್ಲೇ ಇದೆ: ಕಸ್ತೆಲ್. ಪಲಮೋಸ್ ಊರಿನ ಪಕ್ಕ. ಅಲ್ಲಿ ಬಡಾವಣೆ ಮಾಡುವ ಯೋಜನೆ ಇತ್ತು. 1994ರಲ್ಲಿ ಊರಿನವರೇ ಮತ ಹಾಕಿ ಬೇಡ ಅಂದರು. ಅದಕ್ಕೇ ಇವತ್ತಿಗೂ ಮರಳಿನ ಹಿಂದೆ ಹೋಟೆಲ್ ಇಲ್ಲ. ಹೊಲ ಇದೆ, ಪೈನ್ ತೋಪು ಇದೆ. ಈ ತೀರದಲ್ಲಿ ಇಷ್ಟು ದೊಡ್ಡ ಮರಳಿನ ಬೀಚ್ ಹೀಗೆ ಉಳಿದಿರುವುದು ಅಪರೂಪ. ಪಾರ್ಕಿಂಗ್‌ನಿಂದ ಸಮತಟ್ಟು ದಾರಿ, ಅತ್ತೆಯವರಿಗೆ ತೊಂದರೆ ಇಲ್ಲ. ಸೀಸನ್‌ನಲ್ಲಿ ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು.

ಮೇಡಂ, ದಯವಿಟ್ಟು ಇದನ್ನು ಮಾತ್ರ ಬಿಡಬೇಡಿ.

ಮಳೆಹನಿ
ಸುಮ್ನೆ ಒಂದು ಪ್ರಶ್ನೆ. ಸಾ ತೂನಾ, ಐಗ್ವಾಬ್ಲಾವಾ ಇರುವ ಊರಿನ ಹೆಸರು ಬೆಗೂರ್ ಅಂತ ಓದಿದೆ. ನಮ್ಮ ಬೆಂಗಳೂರಿನ ಬೇಗೂರಿಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಉಪ್ಪುನೀರು
ಸಂಬಂಧ ಇಲ್ಲ, ಬರೀ ಕಾಕತಾಳೀಯ. ಅಲ್ಲಿನ ಕ್ಯಾಟಲನ್ ಭಾಷೆಯ ಉಚ್ಚಾರದಲ್ಲಿ ಕೊನೆಯ 'ರ್' ಕೇಳಿಸುವುದೂ ಇಲ್ಲ. ಆದರೆ ಬಸ್ ಬೋರ್ಡಿನಲ್ಲಿ ಆ ಹೆಸರು ನೋಡಿದಾಗ ನನಗೂ ಖುಷಿ ಆಗಿತ್ತು.

ಮಳೆಹನಿ
ಐಗ್ವಾಬ್ಲಾವಾ ಅಂದರೆ?

ಉಪ್ಪುನೀರು
ನೀಲಿ ನೀರು. ಹೆಸರಿಗೆ ತಕ್ಕ ಹಾಗೇ ಇದೆ. ನಯವಾದ ಮರಳು, ಆಳ ಕಮ್ಮಿ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಅದಕ್ಕೇ ಜನವೂ ಜಾಸ್ತಿ. ಬೀಚ್ ಬಹಳ ಚಿಕ್ಕದು. ಆಗಸ್ಟ್‌ನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬೆಳಗ್ಗೆ ಒಂಬತ್ತರೊಳಗೆ ತಲುಪಿದರೆ ಸ್ವರ್ಗ.

ಸೆಪ್ಟೆಂಬರ್ ಆರಿಸಿಕೊಂಡಿದ್ದೇ ಒಳ್ಳೆಯದಾಯಿತು ಮೇಡಂ. ಬೇಸಿಗೆಯೆಲ್ಲ ಕಾದ ನೀರು, ಜೂನ್‌ಗಿಂತ ಬೆಚ್ಚಗಿರುತ್ತದೆ. ಸೆಪ್ಟೆಂಬರ್ 11 ಮಾತ್ರ ನೆನಪಿಟ್ಟುಕೊಳ್ಳಿ. ಅದು ಈ ತೀರ ಇರುವ ಕ್ಯಾಟಲೋನಿಯಾ ಪ್ರಾಂತದ ರಾಷ್ಟ್ರೀಯ ದಿನ, ರಜೆ. ಅವತ್ತು ಬೀಚ್‌ಗಳೂ ತುಂಬಿರುತ್ತವೆ.

ಎರಡು_ಮಕ್ಕಳಮ್ಮ
ಮಗಳ ವಿಷಯಕ್ಕೆ ಬರುತ್ತೇನೆ, ನನಗೆ ಅದೇ ಮುಖ್ಯ ಅನಿಸಿತು. ಗಾಳಿ ತುಂಬಿದ ಹಾಸಿಗೆ, ಡೋನಟ್ ಇವನ್ನು ಕಡಲಿಗೆ ಕೊಡಲೇಬೇಡಿ ಅಕ್ಕ. ನೆಲದಿಂದ ಕಡಲಿಗೆ ಗಾಳಿ ಬೀಸುವಾಗ ನೀರು ಕೆರೆಯ ಹಾಗೆ ಶಾಂತವಾಗಿ ಕಾಣುತ್ತದೆ. ಅಪಾಯ ಅಲ್ಲೇ ಇರುವುದು. ನನ್ನ ಚಿಕ್ಕವನು ಹಾಸಿಗೆ ಮೇಲೆ ಮಲಗಿದ್ದ. ನಾನು ಬಾಟಲಿ ಮುಚ್ಚಳ ಹಾಕಿ ತಲೆ ಎತ್ತುವಷ್ಟರಲ್ಲಿ ಈಜುವ ಜಾಗದ ಹಳದಿ ತೇಲುಬುರುಡೆಗಳ ಹತ್ತಿರ ಹೋಗಿದ್ದ. ಆ ಬುರುಡೆ ಸಾಲು ಇರುವುದು ದಡದಿಂದ 200 ಮೀಟರ್ ದೂರದಲ್ಲಿ. ಪುಣ್ಯಕ್ಕೆ ಕಯಾಕ್‌ನಲ್ಲಿದ್ದ ಒಬ್ಬ ಹುಡುಗ ಹಿಡಿದುಕೊಂಡ. ಅವನ ಹೆಸರು ಕೇಳುವಷ್ಟೂ ಬುದ್ಧಿ ಅವತ್ತು ನನಗೆ ಇರಲಿಲ್ಲ. ಇವತ್ತಿಗೂ ಅದು ಕೊರೆಯುತ್ತದೆ.

ಬಾವುಟ ನೋಡಿ: ಹಸಿರು ಸರಿ, ಹಳದಿ ಜಾಗ್ರತೆ, ಕೆಂಪು ಇಳಿಯಬೇಡಿ. ಚಿಕ್ಕ ಕೊಲ್ಲಿಗಳಲ್ಲಿ ಬಾವುಟವೂ ಇರುವುದಿಲ್ಲ, ಜೀವರಕ್ಷಕರೂ ಇರುವುದಿಲ್ಲ. ಹಾಗಾಗಿ ಮಗು ಈಜುವ ದಿನ ದೊಡ್ಡ ಬೀಚ್, ನೋಡಲು ಹೋಗುವ ದಿನ ಚಿಕ್ಕ ಕೊಲ್ಲಿ ಅಂತ ಇಟ್ಟುಕೊಳ್ಳಿ.

ದೀಪದಗುಡ್ಡ
ಉಬ್ಬರ ಇಳಿತದ ವೇಳೆ ನೋಡಿಕೊಳ್ಳಬೇಕಾ? ದಾರಿ ಮುಚ್ಚಿ ಹೋಗುತ್ತದೆ ಅನ್ನುವ ಭಯ ನನಗೆ.

ಕಲ್ಲೇಡಿ
ಬೇಡ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಅಂದರೆ ಗೇಣಿನಷ್ಟು, ಸುಮಾರು 20-30 ಸೆಂ.ಮೀ. ಅಟ್ಲಾಂಟಿಕ್ ತೀರಗಳ ಲೆಕ್ಕವೇ ಬೇರೆ, ಅಲ್ಲಿ ಉಬ್ಬರದ ವೇಳಾಪಟ್ಟಿ ಇಲ್ಲದೆ ಬಂಡೆ ಬುಡಕ್ಕೆ ಹೋಗಬಾರದು. ಇಲ್ಲಿ ಭಯ ಬಿರುಗಾಳಿಯದ್ದು. 2020ರ ಜನವರಿಯಲ್ಲಿ ಗ್ಲೋರಿಯಾ ಅನ್ನುವ ಬಿರುಗಾಳಿ ಈ ತೀರದ ದಾರಿ, ಮೆಟ್ಟಿಲು, ಮರಳು ಎಲ್ಲಕ್ಕೂ ಬಡಿದು ಹೋಗಿತ್ತು. ಹಳೇ ಫೋಟೋದಲ್ಲಿ ಕಂಡ ದಾರಿ ಈಗಲೂ ತೆರೆದಿದೆಯೇ ಅಂತ ಊರಿನ ಮಾಹಿತಿ ಕೇಂದ್ರದಲ್ಲಿ ಕೇಳಿಕೊಂಡೇ ಹೊರಡಿ.

ತಿರುಗಾಟ_ಜಾಸ್ತಿ
ಕಾಮಿ ದೆ ರೋಂಡಾ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ತೀರದ ಅಂಚಿನಲ್ಲೇ ಸಾಗುವ ಕಾಲುದಾರಿ. ಹಿಂದೆ ಕಳ್ಳಸಾಗಣೆ ಹಿಡಿಯಲು ಕಾವಲಿನವರು ಗಸ್ತು ತಿರುಗುತ್ತಿದ್ದ ದಾರಿ ಅದು. ಈಗ ಜಿಆರ್ 92 ಅನ್ನುವ ದೀರ್ಘ ನಡಿಗೆಯ ಹಾದಿ ಬಹಳ ಕಡೆ ಅದರ ಮೇಲೇ ಹೋಗುತ್ತದೆ. ಕೆಂಪು-ಬಿಳಿ ಪಟ್ಟಿ ಗುರುತು. ಕಾರು ಮುಟ್ಟಲಾಗದ ಕೊಲ್ಲಿಗಳೆಲ್ಲ ಈ ದಾರಿಯಲ್ಲಿ ಸಿಗುತ್ತವೆ. ನಡೆಯದೆ ಇದ್ದರೆ ಈ ತೀರ ಅರ್ಧವೇ ಸಿಕ್ಕಿದಂತೆ.

ಹಳೇಬ್ಯಾಗು
ಮತ್ತೆ ಅದೇ! ಮಂಡಿ ನೋವು ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ.

ತಿರುಗಾಟ_ಜಾಸ್ತಿ
ಓದಿದ್ದೇನೆ. ಕಲೆಲ್ಯಾದಿಂದ ಲ್ಯಾಫ್ರಾಂಕ್‌ಗೆ ನಡೆಯಲು ಅರ್ಧ ಗಂಟೆ ಸಾಕು, ದಾರಿ ಕಟ್ಟಿದ್ದಾರೆ. ಅಲ್ಲಲ್ಲಿ ಮೆಟ್ಟಿಲಿದೆ, ಹೌದು. ಸಗರೋದಿಂದ ಸಾ ಕೋಂಕಾ ಬೀಚ್ ಕಡೆಗೂ ಒಳ್ಳೆಯ ದಾರಿ ಇದೆ. ಸ್ವಲ್ಪ ದೂರ ಹೋಗಿ ಬಂಡೆ ಮೇಲೆ ಕೂತು ವಾಪಸ್ ಬಂದರೂ ನಡೆದ ಹಾಗೇ. ವಯಸ್ಸಾದವರು ಅಂತ ನಾವೇ ಮೊದಲು ಎಲ್ಲದಕ್ಕೂ ಗೆರೆ ಎಳೆಯುತ್ತೇವೆ. ಅವರನ್ನು ಒಂದು ಮಾತು ಕೇಳುವುದಿಲ್ಲ.

ಎರಡು_ಮಕ್ಕಳಮ್ಮ
ಈ ಮಾತು ನಿಜ. ಅತ್ತೆಯವರನ್ನೇ ಕೇಳಿ ಅಕ್ಕ.

ಬಂದರುಕಟ್ಟೆ
ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್ ಅಂತ ಗುಡ್ಡದ ಮೇಲಿನ ದಾರಿ ಇದೆಯಲ್ಲ, ಅದೇ ಥರಾನಾ?

ಕಲ್ಲೇಡಿ
ಹೆಚ್ಚುಕಮ್ಮಿ ಅದೇ ಥರ. ಕೋಸ್ಟಾ ಬ್ರಾವಾದಲ್ಲಿ ಗುರುತು, ಕಟ್ಟೆ, ಕೈಹಿಡಿ ಜಾಸ್ತಿ. ಗೋಕರ್ಣದ ದಾರಿ ನಡೆದವರಿಗೆ ಕಲೆಲ್ಯಾ–ಲ್ಯಾಫ್ರಾಂಕ್ ಸಲೀಸು.

ಬಂದರುಕಟ್ಟೆ
ಹಾಗಾದರೆ ಅಷ್ಟು ದೂರ ಯಾಕೆ ಹೋಗಬೇಕು?

ಉಪ್ಪುನೀರು
ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಸರ್, ಅಲ್ಲಿ ಬಂದು ಮಾತಾಡುತ್ತೇನೆ. ಇವರ ಟಿಕೆಟ್ ಆಗಿ ಹೋಗಿದೆ.

ಇಲ್ಲಿ ಇನ್ನು ಎರಡು ಸಣ್ಣ ವಿಷಯ. ಬಂಡೆ ಇರುವ ಕಡೆ ನೀರಿನಲ್ಲಿ ಹಾಕುವ ರಬ್ಬರ್ ಶೂ ಬೇಕೇ ಬೇಕು. ಬಂಡೆ ಸಂದಿಯಲ್ಲಿ ಕಪ್ಪು ಮುಳ್ಳಿನ ಉಂಡೆಯಂಥ ಸೀ ಅರ್ಚಿನ್ ಇರುತ್ತವೆ. ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ. ಜೆಲ್ಲಿಫಿಶ್ ತಾಗಿದರೆ ಉಜ್ಜಬಾರದು, ನಲ್ಲಿ ನೀರೂ ಹಾಕಬಾರದು. ಕಡಲ ನೀರಿನಲ್ಲೇ ತೊಳೆಯಬೇಕು.

ದಡದಲ್ಲಿ ಕಂದು ಬಣ್ಣದ ರಿಬ್ಬನ್ ಥರದ ಎಲೆ ರಾಶಿ ಕಂಡರೆ ಕಸ ಅಂದುಕೊಳ್ಳಬೇಡಿ. ಪೊಸಿಡೋನಿಯಾ ಅಂತ, ಕಡಲ ತಳದಲ್ಲಿ ಬೆಳೆಯುವ ಹೂ ಬಿಡುವ ಗಿಡ. ಅಲೆ ಬಂದು ಮರಳು ಕೊಚ್ಚಿಕೊಂಡು ಹೋಗದ ಹಾಗೆ ಆ ರಾಶಿಯೇ ತಡೆಯುತ್ತದೆ. ನೀರು ತಿಳಿಯಾಗಿರುವುದಕ್ಕೂ ತಳದ ಆ ಹುಲ್ಲುಗಾವಲೇ ಕಾರಣ.

ದೀಪದಗುಡ್ಡ
ಕಾರು ಇಲ್ಲದೆ ಆಗುತ್ತದಾ?

ಹಳೇಬ್ಯಾಗು
ಆಗುತ್ತದೆ, ಆದರೆ ತಾಳ್ಮೆ ಬೇಕು. ನಡುವಿನ ತೀರಕ್ಕೆ ರೈಲೇ ಇಲ್ಲ. ದಕ್ಷಿಣದಲ್ಲಿ ಬ್ಲಾನೆಸ್‌ಗೆ ಇದೆ, ಉತ್ತರದಲ್ಲಿ ಯಾನ್ಸಾ, ಪೋರ್ಟ್‌ಬೌಗೆ ಇದೆ. ಮಧ್ಯಕ್ಕೆ ಬಾರ್ಸಿಲೋನಾದ ಉತ್ತರ ಬಸ್ ನಿಲ್ದಾಣದಿಂದ ಬಸ್. ಕಾರು ತೆಗೆದುಕೊಂಡರೆ ತೋಸ್ಸಾದಿಂದ ಸಾಂತ್ ಫೆಲಿಯುಗೆ ಹೋಗುವ ಜಿಐ-682 ರಸ್ತೆಯಲ್ಲಿ ನಿಧಾನ. ವರ್ಷದ ದಿನಗಳಷ್ಟು, 365 ತಿರುವು ಇದೆ ಅನ್ನುತ್ತಾರೆ. ನೋಟ ಅದ್ಭುತ, ವಾಂತಿ ಆಗುವವರಿಗೆ ಮಾತ್ರ ಬೇಡ.

ನೀಲಿಕೊಡೆ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಅತ್ತೆಯವರನ್ನು ಕೇಳಿದೆ. "ನಾಲ್ಕು ಮೆಟ್ಟಿಲು ಇಳಿಯುತ್ತೇನೆ, ನಲವತ್ತು ಆಗುವುದಿಲ್ಲ. ಆದರೆ ನಡೆಯುವ ದಾರಿ ನೋಡಬೇಕು" ಅಂದರು. ಪಲಫ್ರುಜೆಲ್‌ನಲ್ಲಿ ಐದೂ ದಿನ ಉಳಿಯುತ್ತೇವೆ. ಕಸ್ತೆಲ್, ಐಗ್ವಾಬ್ಲಾವಾ, ಕಲೆಲ್ಯಾ, ತಮರಿಯು. ಒಂದು ದಿನ ಖಾಲಿ ಬಿಟ್ಟಿದ್ದೇನೆ, ಗಾಳಿ ಸರಿ ಇದ್ದರೆ ಕದಾಕೆಸ್.

ತಿರುಗಾಟ_ಜಾಸ್ತಿ
ಖಾಲಿ ದಿನ ಕದಾಕೆಸ್‌ಗೇ ಸಿಗಲಿ. ಕಾಪ್ ದೆ ಕ್ರೆಯುಸ್ ದೀಪಸ್ತಂಭದ ರಸ್ತೆಗೆ ಬೇಸಿಗೆಯಲ್ಲಿ ಕಾರಿನ ನಿರ್ಬಂಧ ಇರುತ್ತದೆ, ಮೊದಲೇ ವಿಚಾರಿಸಿ.

ಕಲ್ಲೇಡಿ
ಕಸ್ತೆಲ್‌ಗೆ ಹೋದಾಗ ಪಕ್ಕದ ಸಲ್ಗೇರ್ ಕೊಲ್ಲಿ ತಪ್ಪಿಸಬೇಡಿ. ಮೀನುಗಾರರ ಹಳೇ ಗೂಡುಮನೆಗಳು, ಬಣ್ಣದ ಬಾಗಿಲು, ನೀರಿಗೆ ಅಂಟಿಕೊಂಡೇ ಇವೆ. ಪಕ್ಕ ಅಂದರೂ ಗುಡ್ಡದ ದಾರಿ, ಅತ್ತೆಯವರಿಗೆ ನಿಧಾನವಾಗಿ ನಡೆಯಲು ಹೇಳಿ.

ನೀಲಿಕೊಡೆ
(ಅಕ್ಟೋಬರ್) ವಾಪಸ್ ಬಂದಿದ್ದೇವೆ. ಹೇಳದೆ ಇರಲು ಆಗುತ್ತಿಲ್ಲ.

ಎರಡನೇ ದಿನ ಐಗ್ವಾಬ್ಲಾವಾಗೆ ಹೋಗಬೇಕಿತ್ತು. ಬೆಳಗ್ಗೆ ಪೂರ್ವದ ಗಾಳಿ ಇತ್ತು. ಉಪ್ಪುನೀರು ಅವರು ಹೇಳಿದ ಹಾಗೆ ಮ್ಯಾಪ್ ತೆಗೆದು ದಿಕ್ಕು ನೋಡಿದೆವು. ದಕ್ಷಿಣಕ್ಕೆ ಮುಖ ಮಾಡಿದ ಕಸ್ತೆಲ್‌ಗೆ ಹೋದೆವು. ಅಲ್ಲೂ ಅಲೆ ಇತ್ತು, ಹಳದಿ ಬಾವುಟ. ಮಗಳು ಮೊಣಕಾಲು ನೀರಿನಲ್ಲೇ ಆಡಿದಳು, ಬೇಜಾರು ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನ ಸಲ್ಗೇರ್ ಕಡೆ ನಡೆದೆವು. ಅತ್ತೆ ಯಜಮಾನರ ತೋಳು ಹಿಡಿದುಕೊಂಡು, ಐದು ನಿಮಿಷಕ್ಕೊಮ್ಮೆ ನಿಂತು, ಬಂದೇ ಬಿಟ್ಟರು. ಒಂದು ನೀಲಿ ಬಾಗಿಲಿನ ಮುಂದೆ ದೋಣಿ ಎಳೆಯುವ ಇಳಿಜಾರು ಕಟ್ಟೆ ಇತ್ತು. ಅದರ ಅಂಚಿನಲ್ಲಿ ಕೂತು ಸೀರೆ ಸ್ವಲ್ಪ ಎತ್ತಿ ಕಾಲು ನೀರಿಗೆ ಬಿಟ್ಟರು. ಕಾಲ ಬೆರಳ ಸುತ್ತ ಉಗುರಿನಷ್ಟು ಪುಟ್ಟ ಮೀನು ಬಂದು ನಿಂತವು. ಕಾಲುಂಗುರದ ಹತ್ತಿರ ಬಂದು ಮುಟ್ಟಿ ಹೋಗುತ್ತಿದ್ದವು. ಅತ್ತೆ ಅರ್ಧ ಗಂಟೆ ಕಾಲು ಅಲ್ಲಾಡಿಸಲಿಲ್ಲ. ಆಮೇಲೆ ಬ್ಯಾಗಿನಿಂದ ಕ್ಯಾಲೆಂಡರ್ ಹಾಳೆ ತೆಗೆದು ನೋಡಿ, "ಇದು ಆ ಜಾಗ ಅಲ್ಲ" ಅಂದು ಮಡಚಿ ಒಳಗಿಟ್ಟರು. "ಹುಡುಕೋಣ ಅಮ್ಮ" ಅಂದರೆ, "ಇಲ್ಲೇ ಇನ್ನೊಂದು ಸ್ವಲ್ಪ ಹೊತ್ತು ಕೂತಿರೋಣ" ಅಂದರು.

ಕೊನೆಗೆ ನೋಡಿದ್ದು ಮೂರೇ: ಕಸ್ತೆಲ್, ಕಲೆಲ್ಯಾ, ತಮರಿಯು. ಕಸ್ತೆಲ್‌ಗೆ ಎರಡು ಸಲ ಹೋದೆವು. ಖಾಲಿ ಬಿಟ್ಟ ದಿನ ತ್ರಮುಂತಾನಾ ಬೀಸಿತು, ಕದಾಕೆಸ್ ಆಗಲಿಲ್ಲ.

ತಿರುಗಾಟ_ಜಾಸ್ತಿ
ಕದಾಕೆಸ್ ಆಗಲಿಲ್ಲ ಅಂತ ಬೇಜಾರಾಯಿತು. ಅತ್ತೆಯವರು ನಡೆದರಲ್ಲ, ಅದಕ್ಕೆ ತುಂಬಾ ಖುಷಿ.

ಎರಡು_ಮಕ್ಕಳಮ್ಮ
ಆ ಹಾಳೆಯ ಫೋಟೋ ಇಲ್ಲಿ ಹಾಕಿ ಅಕ್ಕ. ಯಾರಾದರೂ ಗುರುತು ಹಿಡಿಯಬಹುದು.

ನೀಲಿಕೊಡೆ
ಹಾಕಿದ್ದೇನೆ ನೋಡಿ. ಎಡಗಡೆ ಮೂಲೆಯಲ್ಲಿ ಒಂದು ಬಿಳಿ ಮನೆಯ ಅಂಚು ಕಾಣುತ್ತದೆ, ಅಷ್ಟೇ ಸುಳಿವು.

ಕಲ್ಲೇಡಿ
ಬಂಡೆ ಕೆಂಪಗಿದೆ. ಅಂದರೆ ಕಾಪ್ ದೆ ಕ್ರೆಯುಸ್ ಕಡೆಯದಲ್ಲ, ಅಲ್ಲಿ ಬೂದು ಬಣ್ಣದ ಬಂಡೆ. ತೋಸ್ಸಾ ಕಡೆ ಇರಬಹುದಾ?

ಉಪ್ಪುನೀರು
ಪೈನ್ ಅಷ್ಟು ಕೆಳಗಿನವರೆಗೂ ಇಳಿದಿದೆ. ನನಗೂ ತೋಸ್ಸಾದಿಂದ ಸಾಂತ್ ಫೆಲಿಯು ನಡುವೆ ಅನಿಸುತ್ತದೆ. ನನ್ನ ಹಳೇ ಫೋಟೋಗಳನ್ನು ಇವತ್ತು ರಾತ್ರಿ ತೆಗೆದು ನೋಡುತ್ತೇನೆ.